ಮೈನಸ್ ಎಂಬತ್ತು

ಕರೂರಿನ ಶೆಡ್ಡಿನಲ್ಲಿ ನಮ್ಮ ಕಂಪನಿ.
ಮೊದಲು ಅಲ್ಲಿ ಹತ್ತಿ ಅಂಡಿಗೆ ಕಟ್ಟುತ್ತಿದ್ದರಂತೆ.
ಈಗಲೂ ಫ್ಯಾನು ಹಾಕಿದರೆ ಎಲ್ಲಿಂದಲೋ ಒಂದೆಳೆ
ಬಂದು ಪೆಟ್ರಿ ತಟ್ಟೆಯ ಮುಚ್ಚಳದ ಮೇಲೆ ಕೂರುತ್ತದೆ
ಹಳೇ ಬಾಡಿಗೆದಾರನ ಹಾಗೆ, ಕದ ತಟ್ಟದೆ.

ಮೆಕ್ಕೆಜೋಳದ ಬೂಷ್ಟಿನ ವಿಷ ಹಿಡಿಯುವ ಪಟ್ಟಿ,
ಅದಕ್ಕೆಂದೇ ನನ್ನನ್ನು ತೆಗೆದುಕೊಂಡದ್ದು.
ಎರಡು ಗೆರೆ ಮೂಡಿದರೆ ತಿನ್ನಬಹುದು, ಒಂದೇ ಆದರೆ ವಿಷ.
ಎ.ಪಿ.ಎಂ.ಸಿ. ಹಮಾಲರೂ ಓದಬಹುದಾದಷ್ಟು ಸಲೀಸು.
ಆ ಎರಡನೇ ಗೆರೆ ನಿಲ್ಲಲು ಇನ್ನೆರಡು ತಿಂಗಳು ಸಾಕಿತ್ತು,
ತಿಪ್ಪೇರುದ್ರ ಸರ್ (ಕಾರ್ಡಿನಲ್ಲಿ 'ರುಡಿ')
ಹೈದರಾಬಾದಿನಿಂದ ಬಂದವರೇ ಬೋರ್ಡು ಒರೆಸಿದರು:
"ಇನ್ಮೇಲೆ ಕೋಳಿ ಕರುಳು. ದುಡ್ಡಿರೋದೇ ಅಲ್ಲಿ."
ದೀಪಾವಳಿ ಹೊತ್ತಿಗೆ ಕೋಳಿ ಕರುಳು ಮುಖಕ್ಕೆ ಹಚ್ಚುವ ಕ್ರೀಮಾಯಿತು.
ಸೂಕ್ಷ್ಮಾಣುಗಳಿಗೇನು, ಕೊಟ್ಟದ್ದು ತಿಂದು ಬೆಳೆಯುತ್ತವೆ,
ಯಾವ ಇಲಾಖೆಗೆ ವರ್ಗವಾಯಿತೆಂದು ಕೇಳುವುದಿಲ್ಲ.

ಹೂಡಿಕೆದಾರರು ಬಂದ ದಿನ
ಖಾಲಿ ಫ್ಲಾಸ್ಕುಗಳಿಗೆ ಶರಬತ್ತಿನ ಪುಡಿ ಕಲಸಿಟ್ಟವಳು ನಾನೇ.
ಕಿತ್ತಳೆ ಬಣ್ಣದ್ದನ್ನು ಬೆಳಕಿಗೆ ಹಿಡಿದು ಒಬ್ಬರು "ಪ್ರಾಮಿಸಿಂಗ್" ಅಂದರು.
ಆ ರಾತ್ರಿ ಊಟಕ್ಕೆ ಮುಂಚೆ ಎರಡು ಸಲ ಕೈ ತೊಳೆದೆ.

ಸಂಬಳ ಜಗಳೂರು ಬಸ್ಸಿನ ಹಾಗೆ: ಬಿಟ್ಟಿದೆಯಂತೆ, ಬರ್ತಾ ಇದೆಯಂತೆ.
ಆಟೋಕ್ಲೇವು ಕೆಟ್ಟು ಇಮ್ತಿಯಾಜ್ ಮನೆಯ ಕುಕ್ಕರು ತಂದಿದ್ದಾನೆ.
ಮೂರು ಕೂಗಿಗೆ ಅನ್ನ, ಹದಿನೈದಕ್ಕೆ ವಿಜ್ಞಾನ, ಅನ್ನುತ್ತಾನೆ.
ಅವನ ಮನೆಯಲ್ಲಿ ಈಗ ಅನ್ನ ಬಸಿಯುತ್ತಾರೆ.

ಏಪ್ರಿಲ್. ರಾತ್ರಿ ಹನ್ನೊಂದೂವರೆ. ವಾಚ್‌ಮನ್ ಓಬಳೇಶಪ್ಪನ ಫೋನು:
"ಅಕ್ಕಾ, ದೊಡ್ಡ ಬೀರು ಅಳಾಕ್ ಹತ್ತೈತಿ."
ಮಂಡಕ್ಕಿ ಭಟ್ಟಿಗಳ ಹೊಗೆ ಸೀಳಿಕೊಂಡು ಸ್ಕೂಟಿ ತಲುಪುವಷ್ಟರಲ್ಲಿ
ಮೈನಸ್ ಎಂಬತ್ತು ಇದ್ದದ್ದು ಮೈನಸ್ ಐವತ್ತೊಂದು.
ಸರ್ ದುಬೈಯಲ್ಲಿದ್ದರು, ಯಾವುದೋ ಪ್ರಶಸ್ತಿಗೆ.
"ವನಮಾಲಾ, ಸಮಸ್ಯೆ ತರಬೇಡ, ಪರಿಹಾರ ತಾ."
ಮೈನಸ್ ನಲವತ್ತಾರು.
ರಿಪೇರಿಯವನಿಗೆ ಹೋದ ವರ್ಷದ್ದೇ ಬಾಕಿ, ಫೋನು ಎತ್ತಲಿಲ್ಲ.
ಮೈನಸ್ ನಲವತ್ತು.

ಪಶು ಆಸ್ಪತ್ರೆಯ ರೇವಣಸಿದ್ದಪ್ಪ ನೆನಪಾದದ್ದು ಇಮ್ತಿಯಾಜನಿಗೆ.
ಹೋರಿ ವೀರ್ಯದ ಕಡ್ಡಿಗಳನ್ನಿಡುವ ದ್ರವ ಸಾರಜನಕದ ಕ್ಯಾನು ಅವರ ವಶ.
ಲುಂಗಿಯಲ್ಲೇ ಬಂದು ಬೀಗ ತೆಗೆದು, ಇಣುಕಿ ನೋಡಿ,
"ಒಂದು ಬೊಗಸೆ ಜಾಗ ಐತಿ. ಯಾವುದು ಬೇಕೋ ಆರಿಸ್ಕಳ್ರಿ."

ಮುನ್ನೂರ ಹತ್ತು ಶೀಶೆಗಳು. ನಲವತ್ತಕ್ಕೆ ಜಾಗ.
ಕ್ರೀಮಿನವನ್ನು ಮುಟ್ಟಲಿಲ್ಲ. ಕೋಳಿಯವನ್ನು ಮುಟ್ಟಿ ಬಿಟ್ಟೆ.
ಆನಗೋಡಿನ ಹೊಲದ ಬೂಷ್ಟು, ಮಾಯಕೊಂಡದ್ದು,
ಹರಪನಹಳ್ಳಿಯ ಆ ಮುದುಕಿ ತೆನೆ ಸುಲಿದು ಕೊಟ್ಟದ್ದು,
ನನ್ನ ಕೈಬರಹದ ಚೀಟಿ ಇದ್ದವನ್ನೇ ಆರಿಸಿದೆ.
ಸ್ವಾರ್ಥ ಅನ್ನಿ.
ಉಳಿದವು ಬೆಳಗಿನ ಹೊತ್ತಿಗೆ ಬೆವರಿ, ನೀರಾಗಿ,
ಶೆಡ್ಡಿನ ಉಷ್ಣಾಂಶಕ್ಕೆ ಬಂದು ನಿಂತವು, ನಮ್ಮ ಹಾಗೆ.

ಸರ್ ವಾಪಸಾಗಿ ಸ್ಲೈಡು ತೋರಿಸಿದರು:
'ಸರ್ಕಾರದೊಂದಿಗೆ ಅತಿಶೀತ ಸಹಭಾಗಿತ್ವ.'
ಚಪ್ಪಾಳೆ ಶುರು ಮಾಡಿದವರೂ ಅವರೇ.
ಓಬಳೇಶಪ್ಪ ಬಾಗಿಲಲ್ಲಿ ನಿಂತು ಪಾಪ ಅವನೂ ತಟ್ಟಿದ.

ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟು ಇಪ್ಪತ್ತು ದಿನವಾಯಿತು,
ಮಡಿಕೆಯಲ್ಲಿ ಹರಿಯತೊಡಗಿದೆ.
ಶನಿವಾರ ಶನಿವಾರ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು
ಪಶು ಆಸ್ಪತ್ರೆಗೆ ಹೋಗುತ್ತೇನೆ. ಬಾಡಿಗೆ ಅಂದುಕೊಳ್ಳಲಿ.
ಹಸುವಿಗೆ ಕೊಡುವಾಗ ಅದಲುಬದಲಾಗದಿರಲೆಂದು
ನಮ್ಮವಕ್ಕೆ ಕೆಂಪು ದಾರ ಕಟ್ಟಿದ್ದಾರೆ ರೇವಣಸಿದ್ದಪ್ಪ,
ಒಂದು ಕಡೆ ಜರ್ಸಿ, ಒಂದು ಕಡೆ ಹಳ್ಳಿಕಾರ್, ನಡುವೆ ನನ್ನ ಬೂಷ್ಟು.
ಮುಚ್ಚಳ ತೆಗೆದರೆ ಬಿಳಿ ಹೊಗೆ ಚೆಲ್ಲಿ
ನಮ್ಮಿಬ್ಬರ ಚಪ್ಪಲಿಗಳನ್ನು ಮುಚ್ಚುತ್ತದೆ.
ಅಳತೆಗೋಲು ಇಳಿಸಿ, ಎತ್ತಿ, ಅಲ್ಲಾಡಿಸಿ,
ಮಂಜು ಕಟ್ಟಿದಷ್ಟುದ್ದ ಬೆರಳಿಟ್ಟು ಎಣಿಸಿ ಅನ್ನುತ್ತಾರೆ:
"ಇನ್ನೂ ಐದು ಬೆರಳು ಐತಿ ಬಿಡಮ್ಮ."